ಕಕ್ಕಡದ ಮಳೆಗೊಂದು ಚೆಸ್ ಬೋರ್ಡ್

ಕೊಡಗಿನಲ್ಲಿ ಆಟ ಅಂದರೆ ಹಾಕಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಜೂನ್ ಎರಡನೇ ವಾರದಿಂದ ಕೈಲ್‌ಪೊಳ್ದ್ ಕಳೆಯುವವರೆಗೆ ನಮ್ಮ ಊರುಗಳ ಮೈದಾನದ ಗತಿ ಏನು ಅಂತ ನಿಮಗೂ ಗೊತ್ತು, ನಮಗೂ ಗೊತ್ತು. ಗೋಲ್ ಪೋಸ್ಟ್ ಹತ್ತಿರ ಮೊಣಕಾಲು ಮುಳುಗುವ ನೀರು, ಉಳಿದ ಕಡೆ ಹುಲ್ಲು. ಒಂದೆರಡು ಭಾನುವಾರ ಕೆಸರುಗದ್ದೆ ಕ್ರೀಡಾಕೂಟ ಆಗುತ್ತದೆ, ಹಗ್ಗ ಜಗ್ಗಾಟ ಆಗುತ್ತದೆ, ಫೋಟೋ ಸ್ಟೇಟಸ್‌ಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಉಳಿದ ದಿನ ಶಾಲೆಗೆ ಮಳೆ ರಜೆ, ಮಕ್ಕಳ ಕೈಯಲ್ಲಿ ಅಪ್ಪನ ಮೊಬೈಲು, ಅಪ್ಪನ ಕೈಯಲ್ಲಿ ಇಸ್ಪೀಟು.

ಈ ಮಳೆಗಾಲದ ತಿಂಗಳುಗಳಿಗೆ ನಮ್ಮ ಜಿಲ್ಲೆಯ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಚೆಸ್ ಕ್ಲಬ್ ಇರಬೇಕು ಅನ್ನೋದು ನಮ್ಮ ವಾದ. ಚಾಂಪಿಯನ್ ತಯಾರು ಮಾಡೋಕೆ ಅಂತ ನಾವು ಕೇಳುತ್ತಿಲ್ಲ. ಮಕ್ಕಳು, ಮುದುಕರು, ತೋಟದ ಕೆಲಸದವರು, ಕೆಲಸವಿಲ್ಲದವರು ಒಂದೇ ಬೆಂಚಿನಲ್ಲಿ ಎದುರಾಬದುರು ಕೂರುವ ಜಾಗ ಊರಲ್ಲಿ ಒಂದಾದರೂ ಇರಲಿ ಅಂತ ಕೇಳುತ್ತಿದ್ದೇವೆ. ಸದ್ಯಕ್ಕೆ ಅಂಥ ಜಾಗ ಎಂದರೆ ಬಸ್ ಸ್ಟ್ಯಾಂಡ್ ಮತ್ತು ವೈನ್ ಶಾಪ್ ಎರಡೇ.

ಕ್ಲಬ್ ಅಂದ ಕೂಡಲೇ ಹಲವರಿಗೆ ಬೇರೆ ಚಿತ್ರ ಬರುತ್ತದೆ. ಕೊಡಗಿನಲ್ಲಿ ಕ್ಲಬ್ ಎಂಬ ಪದ ಬಂದದ್ದೇ ಪ್ಲಾಂಟರ್‌ಗಳ ಜೊತೆ. ಬಿಳಿಯರ ಕಾಲದ ಆ ಕ್ಲಬ್ಬುಗಳಲ್ಲಿ ಬಿಲಿಯರ್ಡ್ಸ್ ಇತ್ತು, ಟೆನಿಸ್ ಇತ್ತು, ಬಾರ್ ಇತ್ತು, ಊರಿನವರಿಗೆ ಗೇಟ್ ಇತ್ತು. ಆಮೇಲೆ ಪೇಟೆಗಳಲ್ಲಿ ರಿಕ್ರಿಯೇಷನ್ ಕ್ಲಬ್ ಎಂಬ ಬೋರ್ಡು ಬಂತು. ಅದರೊಳಗೆ ಯಾವ ಆಟ ನಡೆಯುತ್ತದೆ ಅಂತ ಪೊಲೀಸ್ ದಾಳಿಯ ಸುದ್ದಿ ಓದುವವರಿಗೆ ಬೇರೆ ಹೇಳಬೇಕಾಗಿಲ್ಲ. ಹಾಗಾಗಿ "ಕ್ಲಬ್ ಬೇಕು" ಅಂದರೆ ಮನೆಯ ಹೆಂಗಸರು ಮೊದಲು ಮುಖ ಸಿಂಡರಿಸುತ್ತಾರೆ. ಅವರ ಅನುಮಾನ ನ್ಯಾಯವಾದದ್ದೇ. ನಾವು ಕೇಳುತ್ತಿರುವ ಕ್ಲಬ್ಬಿಗೆ ಗೇಟೂ ಬೇಡ, ಬಾರೂ ಬೇಡ, ಪಣವೂ ಬೇಡ.

ಚದುರಂಗ ಪೇಟೆಯವರ ಆಟ, ಇಂಗ್ಲಿಷ್ ಮೀಡಿಯಂ ಮಕ್ಕಳ ಆಟ ಎಂಬ ಮಾತನ್ನು ನಾವು ತುಂಬಾ ಕೇಳಿದ್ದೇವೆ. ಇದು ಹೇಗೆ ಹುಟ್ಟಿತೋ ಏನೋ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಡುಗೆ, ಆನೆ, ಬೇಟೆ, ಸಂಗೀತದ ಜೊತೆ ಚದುರಂಗದ ಬಗ್ಗೆಯೂ ವಿವರವಾದ ಭಾಗ ಇದೆ. ಕಲ್ಯಾಣ ಎಂದರೆ ಬೀದರ್ ಜಿಲ್ಲೆಯ ಈಗಿನ ಬಸವಕಲ್ಯಾಣ. ಅಂದರೆ ಸುಮಾರು 900 ವರ್ಷದ ಹಿಂದೆಯೇ ಕನ್ನಡ ನೆಲದ ಅರಸನೊಬ್ಬ ಈ ಆಟವನ್ನು ಕಲಿಯಬೇಕಾದ ವಿದ್ಯೆಗಳ ಸಾಲಿಗೆ ಸೇರಿಸಿದ್ದ.

ನಮಗೆ ಇನ್ನೂ ಹತ್ತಿರದ ಕಥೆ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರು ಎಲ್ಲರೂ ಕೇಳಿರುತ್ತೀರಿ. 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಿತ್ತುಕೊಂಡರು. ಮೂರೇ ವರ್ಷದಲ್ಲಿ, 1834ರಲ್ಲಿ, ನಮ್ಮ ಚಿಕ್ಕವೀರರಾಜೇಂದ್ರನ ರಾಜ್ಯವೂ ಹೋಯಿತು. ನಮ್ಮ ರಾಜನನ್ನು ಕಾಶಿಗೆ ಸಾಗಿಸಿದರು, ಕೊನೆಗೆ ಆತ ಇಂಗ್ಲೆಂಡಿನಲ್ಲಿ ತೀರಿಕೊಂಡ. ಮೈಸೂರಿನ ಅರಸ ಅರಮನೆಯಲ್ಲೇ ಉಳಿದರು, ಹೆಸರಿಗೆ ಮಾತ್ರ ಅರಸರಾಗಿ. ದರ್ಬಾರಿನಲ್ಲಿ ನಡೆಸಲು ಕುದುರೆ ಸಿಪಾಯಿಗಳಿಲ್ಲದ ಆ ಅರಸರು ಮುಂದಿನ ಎಷ್ಟೋ ವರ್ಷ ಮಣೆಯ ಮೇಲಿನ ಕುದುರೆ ಸಿಪಾಯಿಗಳಿಗೆ ತಲೆ ಕೊಟ್ಟರು. ಹೊಸ ಹೊಸ ಮಣೆ ಆಟ ಕಟ್ಟಿದರು, ಚದುರಂಗದ ಬಗ್ಗೆ ಬರೆಸಿದರು.

ಅವರ ಒಂದು ಕಸುಬನ್ನು ಮಕ್ಕಳಿಗೆ ಹೇಳಿದರೆ ಕಣ್ಣು ಅರಳುತ್ತದೆ. ಕುದುರೆ ಎರಡೂವರೆ ಮನೆ ಹಾರುತ್ತದಲ್ಲ, ಅದನ್ನು ಬೋರ್ಡಿನ 64 ಮನೆಗೂ ಒಂದೊಂದೇ ಸಲ ಕರೆದುಕೊಂಡು ಹೋಗಬೇಕು, ಒಂದು ಮನೆಯನ್ನು ಎರಡನೇ ಸಲ ಮುಟ್ಟಬಾರದು. ಇದೇ ಕಷ್ಟ. ಮುಮ್ಮಡಿಯವರು ಇನ್ನೂ ಮುಂದೆ ಹೋದರು. ಕುದುರೆ ಹೋದ ಕ್ರಮದಲ್ಲಿ 1ರಿಂದ 64ರವರೆಗೆ ಅಂಕೆ ಬರೆಯುತ್ತಾ ಹೋದರೆ, ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260 ಬರಬೇಕು. ಅಂಥದ್ದೊಂದು ನಡೆಯನ್ನು ಕಟ್ಟಿದರು. ಜಗತ್ತಿನಲ್ಲಿ ಇದನ್ನು ಸಾಧಿಸಿದ ಮೊದಲ ಕೆಲವರಲ್ಲಿ ಅವರೂ ಒಬ್ಬರು. ಚದುರಂಗದ ಇತಿಹಾಸ ಬರೆದ ಇಂಗ್ಲೆಂಡಿನ ಮರ್ರೆ ತನ್ನ 1913ರ ದಪ್ಪ ಪುಸ್ತಕದಲ್ಲಿ ಮೈಸೂರು ಅರಸರನ್ನು ನೆನೆದಿದ್ದಾನೆ. ದಸರಾಕ್ಕೆ ಹೋದಾಗ ಜಗನ್ಮೋಹನ ಅರಮನೆಯ ಗೋಡೆ ನೋಡಿ, ಅವರ ಮಣೆ ಆಟಗಳನ್ನು ಚಿತ್ರವಾಗಿ ಬರೆಸಿಟ್ಟಿದ್ದಾರೆ.

ಆದರೆ ನಮಗೆ ಇಲ್ಲಿ ಒಂದು ತಕರಾರಿದೆ. ಇಷ್ಟೆಲ್ಲ ವಿದ್ಯೆ ಅರಮನೆಯ ಗೋಡೆ ದಾಟಿ ಹಳ್ಳಿಯ ಜಗಲಿಗೆ ಬಂದದ್ದು ಕಡಿಮೆ. ನಮ್ಮ ಅಜ್ಜಿಯರು ಮಳೆಗಾಲದಲ್ಲಿ ಅಳಗುಳಿ ಮಣೆ ಇಟ್ಟುಕೊಂಡು ಮಂಜಾಡಿ ಕಾಳು ಎಣಿಸಿದರು, ಅದೂ ಒಳ್ಳೆಯ ಲೆಕ್ಕದ ಆಟವೇ. ಚದುರಂಗ ಗೊತ್ತಿದ್ದ ಅಜ್ಜಂದಿರೂ ಇದ್ದರು. ಅವರ ನಿಯಮ ಮಾತ್ರ ದೇಸಿ. ಸಿಪಾಯಿ ಮೊದಲ ಸಲವೂ ಒಂದೇ ಮನೆ, ರಾಜನಿಗೆ ಒಂದು ಬಾರಿ ಕುದುರೆ ನಡೆ, ಸಿಪಾಯಿ ಕೊನೆ ಮುಟ್ಟಿದರೆ ಆ ಸಾಲಿನಲ್ಲಿ ಯಾವ ಕಾಯಿ ಇತ್ತೋ ಅದೇ ಆಗಬೇಕು. ಈಗಿನ ಮಕ್ಕಳು ಅಂತರರಾಷ್ಟ್ರೀಯ ನಿಯಮ ಕಲಿತು ಬಂದು ಅಜ್ಜನ ಹತ್ತಿರ ಆಡಿದರೆ ಮೂರನೇ ನಡೆಗೇ ಜಗಳ. "ಇದ್ಯಾವ ಸೀಮೆ ಆಟ" ಅಂತ ಅಜ್ಜ ಮಣೆ ಮಡಚಿಡುತ್ತಾರೆ. ಕ್ಲಬ್ಬು ಬೇಕಾಗುವುದು ಇಂಥದ್ದಕ್ಕೇ. ಒಂದು ಊರಿಗೆ ಒಂದು ನಿಯಮ ಗೋಡೆಗೆ ಅಂಟಿಸಿದರೆ ಅರ್ಧ ಜಗಳ ನಿಲ್ಲುತ್ತದೆ. ಉಳಿದರ್ಧ, ಮುಟ್ಟಿದ ಕಾಯಿ ನಡೆಸಲೇಬೇಕು ಎಂಬ ಒಂದು ಸಾಲು ಬರೆದರೆ ನಿಲ್ಲುತ್ತದೆ.

ಕ್ಲಬ್ಬಿನಿಂದ ಏನಾಗುತ್ತದೆ ಅನ್ನೋದಕ್ಕೆ ಚೆನ್ನೈ ಸಾಕ್ಷಿ. ಈಗ ಅದನ್ನು ಭಾರತದ ಚೆಸ್ ರಾಜಧಾನಿ ಅನ್ನುತ್ತಾರೆ. ಆದರೆ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಮ್ಯಾನುಯೆಲ್ ಏರನ್ 1961ರಲ್ಲಿ ಆ ಪದವಿ ಪಡೆದಾಗ ಅಲ್ಲಿ ಅಕಾಡೆಮಿಗಳಿರಲಿಲ್ಲ, ಪ್ರಾಯೋಜಕರಿರಲಿಲ್ಲ. 1972ರಲ್ಲಿ ಸೋವಿಯತ್ ಸಾಂಸ್ಕೃತಿಕ ಕೇಂದ್ರದ ಕಟ್ಟಡದಲ್ಲಿ ಒಂದು ಕ್ಲಬ್ ಶುರುವಾಯಿತು, ಅದರ ಹಿಂದೆ ಏರನ್ ಇದ್ದರು. ಸೋವಿಯತ್ ಆಟಗಾರ ಮಿಖಾಯಿಲ್ ತಾಲ್ ಹೆಸರನ್ನೇ ಇಟ್ಟರು. ಒಂದಷ್ಟು ಬೋರ್ಡು, ಗಡಿಯಾರ, ರಷ್ಯಾದಿಂದ ಬರುವ ಪುಸ್ತಕ ಪತ್ರಿಕೆ. ಸಂಜೆಯಾದರೆ ದೊಡ್ಡವರು ಚಿಕ್ಕವರು ಬಂದು ಬ್ಲಿಟ್ಸ್ ಆಡುತ್ತಿದ್ದರು, ಅಂದರೆ ಒಬ್ಬೊಬ್ಬರಿಗೆ ಕೆಲವೇ ನಿಮಿಷದ ಆಟ. ಗೆದ್ದವ ಕೂತೇ ಇರುತ್ತಾನೆ, ಸೋತವ ಎದ್ದು ಮುಂದಿನವನಿಗೆ ಜಾಗ ಬಿಡಬೇಕು.

ಆ ಕ್ಲಬ್ಬಿಗೆ ಒಬ್ಬ ಪುಟ್ಟ ಹುಡುಗ ಬರುತ್ತಿದ್ದ. ಅವನಿಗೆ ಆಟ ಕಲಿಸಿದ್ದು ಅಮ್ಮ. ಎದ್ದೆದ್ದು ಜಾಗ ಬಿಡುತ್ತಾ, ಪಕ್ಕದಲ್ಲಿ ನಿಂತು ನೋಡುತ್ತಾ, ಮತ್ತೆ ಕೂರುತ್ತಾ ಬೆಳೆದ ಆ ಹುಡುಗ ವಿಶ್ವನಾಥನ್ ಆನಂದ್. 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್ ಮಾಸ್ಟರ್ ಆದರು. ಆನಂದ್ ಕಥೆಯನ್ನು ಎಲ್ಲರೂ ಪ್ರತಿಭೆಯ ಕಥೆ ಅಂತ ಹೇಳುತ್ತಾರೆ. ನಾವು ಅದನ್ನು ಒಂದು ಕೋಣೆಯ ಕಥೆ ಅಂತಲೂ ಓದುತ್ತೇವೆ. ಸೋತ ಮೇಲೆ ಮನೆಗೆ ಓಡಿಹೋಗದೆ ಅಲ್ಲೇ ನಿಂತು, ತನ್ನನ್ನು ಸೋಲಿಸಿದವ ಮುಂದಿನವನ ಹತ್ತಿರ ಹೇಗೆ ಆಡುತ್ತಾನೆ ಅಂತ ನೋಡುವ ಅವಕಾಶ ಮೊಬೈಲಿನಲ್ಲಿ ಸಿಗುವುದಿಲ್ಲ. ಅಲ್ಲಿ ಸೋತರೆ ಇನ್ನೊಂದು ಗೇಮ್ ಒತ್ತಿದರಾಯಿತು. ಎದುರಾಳಿಯ ಮುಖವಿಲ್ಲ, ಹೆಸರೂ ಅವನದಲ್ಲ.

ಚೆನ್ನೈ ದೊಡ್ಡ ನಗರ, ಅದಕ್ಕೂ ನಮಗೂ ಏನು ಸಂಬಂಧ ಅನ್ನುವವರು ಗಡಿಯಾಚೆ ನೋಡಿ. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ ಕಾಡಿನ ಅಂಚಿಗೆ ಮರೊಟ್ಟಿಚ್ಚಾಲ್ ಎಂಬ ಹಳ್ಳಿಯಿದೆ. ಅರ್ಧ ಶತಮಾನದ ಹಿಂದೆ ಅಲ್ಲಿ ಕಳ್ಳಭಟ್ಟಿ ಮತ್ತು ಜೂಜು ಮನೆಮನೆಯ ರೋಗವಾಗಿತ್ತು. ಆ ಊರಿನ ಉಣ್ಣಿಕೃಷ್ಣನ್ ಎಂಬುವವರು ಹತ್ತಿರದ ಪೇಟೆಯಲ್ಲಿ ಚೆಸ್ ಕಲಿತು ಬಂದು, ತಮ್ಮ ಚಹಾದ ಅಂಗಡಿಯಲ್ಲಿ ಬೋರ್ಡ್ ಇಟ್ಟು, ಬಂದವರಿಗೆಲ್ಲ ಪುಕ್ಕಟೆ ಕಲಿಸಿದರು. ಈಗ ಅಲ್ಲಿ ಹೆಚ್ಚುಕಡಿಮೆ ಮನೆಗೊಬ್ಬರಾದರೂ ಆಡುತ್ತಾರೆ. ಬಸ್ ಕಾಯುವವರೂ ಆಡುತ್ತಾರೆ. ದೇಶ ವಿದೇಶದ ಪತ್ರಕರ್ತರು ಆ ಅಂಗಡಿಯನ್ನು ಹುಡುಕಿಕೊಂಡು ಹೋಗುತ್ತಾರೆ.

ಚೆಸ್ ಆಡಿದರೆ ಕುಡಿತ ಬಿಡುತ್ತಾರೆ ಅಂತ ನಾವು ಹೇಳಹೊರಟಿಲ್ಲ. ಅಂಥ ಸುಲಭದ ಔಷಧಿ ಇದ್ದಿದ್ದರೆ ಕೊಡಗಿನ ಲೈನ್ ಮನೆಗಳ ತಾಯಂದಿರು ಎಂದೋ ಕೊಂಡು ತರುತ್ತಿದ್ದರು. ಮರೊಟ್ಟಿಚ್ಚಾಲ್‌ನಲ್ಲಿ ಕಳ್ಳಭಟ್ಟಿಯ ವಿರುದ್ಧ ಊರಿನವರ ಹೋರಾಟವೂ ನಡೆದಿತ್ತು. ಆದರೆ ಕುಡಿಯದೇ ಸಂಜೆ ಕಳೆಯಲು ಒಂದು ಜಾಗ, ಒಂದು ನೆಪ ಬೇಕಲ್ಲ. ಅದನ್ನು ಆ ಚಹಾದ ಅಂಗಡಿ ಕೊಟ್ಟಿತು. ನಮ್ಮಲ್ಲಿ ಬಿಡಬೇಕು ಅಂದುಕೊಂಡವರು ಐದೂವರೆಗೆ ಕೆಲಸ ಬಿಟ್ಟ ಮೇಲೆ ಹೋಗುವುದು ಎಲ್ಲಿಗೆ?

ಇದು ನಮ್ಮಿಂದ ಆಗುವ ಕೆಲಸವಲ್ಲ ಅನ್ನುವವರಿಗೆ ಹಾಕಿಯಿಂದಲೇ ಉತ್ತರ ಕೊಡುತ್ತೇವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದವರ ಹಬ್ಬಕ್ಕೆ 396. ಕೋವಿಡ್ ಕಾಲದಲ್ಲಿ ನಿಂತದ್ದು ಮತ್ತೆ ಎದ್ದು ನಿಂತಿತು. ಇದಕ್ಕೆ ಕಾರಣ ಆಟದ ಹುಚ್ಚು ಒಂದೇ ಅಲ್ಲ ಅಂತ ನಮಗನ್ನಿಸುತ್ತದೆ. ಶುರು ಮಾಡಿದವರ ಹೆಗಲ ಮೇಲೇ ಭಾರ ಬಿಡಲಿಲ್ಲ. ವರ್ಷಕ್ಕೊಂದು ಒಕ್ಕ ಜವಾಬ್ದಾರಿ ಹೊತ್ತುಕೊಂಡಿತು. ನಮ್ಮ ವರ್ಷ ಕಳೆದ ವರ್ಷಕ್ಕಿಂತ ಕಡಿಮೆಯಾಗಬಾರದು ಎಂಬ ಹಠ ಉಳಿದದ್ದನ್ನು ಮಾಡಿತು.

ಹಳ್ಳಿಯ ಸಂಘಗಳು ಸಾಯುವುದು ಹೇಗೆ ಅಂತ ನೋಡಿದವರಿಗೆ ಈ ಪಾಳಿಯ ಬೆಲೆ ಗೊತ್ತು. ಒಬ್ಬ ಉತ್ಸಾಹಿ ಮೇಷ್ಟ್ರು ಶುರು ಮಾಡುತ್ತಾರೆ. ಅವರಿಗೆ ವರ್ಗವಾಗುತ್ತದೆ. ಕೇರಂ ಬೋರ್ಡು ಯಾರದೋ ಮನೆಯ ಅಟ್ಟ ಸೇರುತ್ತದೆ, ಬ್ಯಾಂಕ್ ಖಾತೆಯಲ್ಲಿ ಉಳಿದ ದುಡ್ಡಿಗೆ ಸಹಿ ಹಾಕುವವರು ಬೆಂಗಳೂರು ಸೇರಿರುತ್ತಾರೆ. ಯುವಕ ಸಂಘದ ಕಟ್ಟಡ ಮಾತ್ರ ಬಾಗಿಲು ಮುಚ್ಚಿಕೊಂಡು ನಿಂತಿರುತ್ತದೆ, ಗೋಡೆ ಮೇಲೆ ಉದ್ಘಾಟಿಸಿದವರ ಹೆಸರು ಹೊತ್ತು.

ಹಾಕಿ ಹಬ್ಬ ಕುಟುಂಬಗಳ ಹಬ್ಬ, ಅದು ಅದರ ಚೆಂದ. ಆದರೆ ಊರಿನ ಚೆಸ್ ಕ್ಲಬ್ ಹಾಗಿರಬಾರದು. ಒಂದು ಒಕ್ಕಕ್ಕೆ, ಒಂದು ಜನಾಂಗಕ್ಕೆ, ಒಂದು ಪಕ್ಷಕ್ಕೆ ಸೇರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ತೋಟದ ಮಾಲೀಕರ ಮಗಳ ಎದುರು ಲೈನ್ ಮನೆಯ ಹುಡುಗ ಕೂರಬೇಕು. ಹಾಡಿಯ ಮಗು ಬಂದರೆ ಬೆಂಚಿನ ತುದಿ ತೋರಿಸದೆ ಬೋರ್ಡ್ ತೋರಿಸಬೇಕು. ಹಾಕಿಗೆ ಸ್ಟಿಕ್ಕು, ಶೂ, ಟರ್ಫ್ ಬೇಕು, ಕೂಡಿಗೆ ಪೊನ್ನಂಪೇಟೆವರೆಗೆ ಓಡಾಡಬೇಕು. ಚೆಸ್‌ಗೆ ಸುತ್ತಿಡಬಹುದಾದ ಬೋರ್ಡು ಮತ್ತು ಪ್ಲಾಸ್ಟಿಕ್ ಕಾಯಿ ಸಾಕು. ಒಂದು ಚೀಲ ಗೊಬ್ಬರದ ದುಡ್ಡಿನೊಳಗೆ ಅದು ಬರುತ್ತದೆ, ಹತ್ತಿಪ್ಪತ್ತು ವರ್ಷ ಬಾಳುತ್ತದೆ.

ಜಾಗ ಎಲ್ಲಿ ಅಂತ ಕೇಳುತ್ತೀರಿ. ಜಾಗ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. 2020ರ ಮಕ್ಕಳ ದಿನದಂದು ಓದುವ ಬೆಳಕು ಕಾರ್ಯಕ್ರಮ ಶುರುವಾದಾಗ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತವಾಯಿತು. ರಾಜ್ಯದ ಎಷ್ಟೋ ಕೇಂದ್ರಗಳಲ್ಲಿ ಪುಸ್ತಕದ ಜೊತೆ ಚೆಸ್ ಬೋರ್ಡ್ ಕೂಡ ಬಂದಿದೆ. ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ಕೇಳಿ. ಇದ್ದರೆ ಅದು ಮೇಜಿನ ಮೇಲಿದೆಯೋ ಬೀರುವಿನೊಳಗಿದೆಯೋ ನೋಡಿ. ಕಾಯಿ ಕಳೆದುಹೋದರೆ ತಾವು ಉತ್ತರ ಕೊಡಬೇಕಲ್ಲ ಅಂತ ಮೇಲ್ವಿಚಾರಕರು ಬೀಗ ಹಾಕಿಟ್ಟರೆ ಅವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಸಿಗುವ ಸಂಬಳ ಎಷ್ಟು, ಕೆಲಸ ಎಷ್ಟು ಅಂತ ನಮಗೆ ಗೊತ್ತು. ಕಾಯಿ ಕಳೆದರೆ ತಂದುಕೊಡುವ ಜವಾಬ್ದಾರಿ ಊರಿನ ನಾಲ್ಕು ಜನ ಹೊತ್ತುಕೊಂಡರೆ ಬೀಗ ತಾನಾಗಿ ತೆರೆಯುತ್ತದೆ.

"ಮೊಬೈಲಲ್ಲೇ ಚೆಸ್ ಇದೆಯಲ್ಲ" ಎಂಬ ಮಾತು ಬರುತ್ತದೆ. ಇದೆ, ಒಳ್ಳೆಯದೇ, ದುಡ್ಡಿಲ್ಲದೆ ಜಗತ್ತಿನ ಯಾರ ಜೊತೆಗಾದರೂ ಆಡಬಹುದು. ಆದರೆ ಕಕ್ಕಡದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಮೂರು ದಿನ ಇಲ್ಲ, ಟವರಿನ ಡೀಸೆಲ್ ಮುಗಿದರೆ ಸಿಗ್ನಲ್ಲೂ ಇಲ್ಲ. ಮರದ ಕುದುರೆಗೆ ಚಾರ್ಜ್ ಬೇಕಿಲ್ಲ. ಇನ್ನೊಂದು ವಿಷಯ, ಚೆಸ್ ಹುಡುಕಲು ಹೋದ ಹುಡುಗನ ಕಣ್ಣಿಗೆ ಅದೇ ಸ್ಕ್ರೀನಿನಲ್ಲಿ ಬೇರೆ ಏನೇನೋ ಆಟ ಬೀಳುತ್ತವೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದಿತು. ಕಾಯ್ದೆ ಬರುವ ಹೊತ್ತಿಗೆ ರಮ್ಮಿಯಲ್ಲಿ ಕಾಫಿ ದುಡ್ಡು ಕಳೆದುಕೊಂಡವರು ನಿಮ್ಮ ನಮ್ಮ ಊರಲ್ಲೇ ಇದ್ದಾರೆ, ಹೆಸರು ಹೇಳುವುದು ಬೇಡ.

ಓದು ಹಾಳಾಗುತ್ತದೆ ಅನ್ನುವ ಪೋಷಕರಿಗೆ ನಾವು ಹೆಚ್ಚು ವಾದ ಮಾಡುವುದಿಲ್ಲ. ಮಳೆ ರಜೆಯಲ್ಲಿ ಎಷ್ಟು ಓದುತ್ತಾರೆ ಅಂತ ನೀವೇ ನೋಡಿದ್ದೀರಿ.

ಗ್ರ್ಯಾಂಡ್ ಮಾಸ್ಟರ್ ಆಸೆಯ ಬಗ್ಗೆ ಮಾತ್ರ ಎಚ್ಚರಿಕೆಯಿಂದ ಮಾತಾಡಬೇಕು. 2024ರ ಡಿಸೆಂಬರ್ 12ರಂದು ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಾಗ ನಮ್ಮ ಪೇಟೆಗಳಲ್ಲೂ ಚೆಸ್ ಕ್ಲಾಸಿನ ಪೋಸ್ಟರ್ ಬಿದ್ದವು. ಗುಕೇಶ್ ಅಪ್ಪ ವೈದ್ಯರು, ಕೆಲಸ ಬದಿಗಿಟ್ಟು ಮಗನ ಜೊತೆ ದೇಶದೇಶ ತಿರುಗಿದರು. ಅಷ್ಟಾದರೂ ಒಂದು ಹಂತದಲ್ಲಿ ಗೆಳೆಯರ ಸಹಾಯ ಬೇಕಾಯಿತು. ಎಷ್ಟು ಮನೆಗೆ ಇದು ಸಾಧ್ಯ? ತಿಂಗಳಿಗೆ ಸಾವಿರಗಟ್ಟಲೆ ಫೀಸು ಕಟ್ಟಿ, ಟೂರ್ನಮೆಂಟಿಗೆ ಬೆಂಗಳೂರಿಗೆ ಬಸ್ಸು, ರೂಮು, ಪ್ರವೇಶ ಶುಲ್ಕ ಅಂತ ಹೋದರೆ ಒಂದು ವರ್ಷದ ಕರಿಮೆಣಸು ಅಲ್ಲಿಗೇ ಆಯಿತು. ಹಾಗಂತ ದಾರಿ ಮುಚ್ಚಿಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್ ಮಾಸ್ಟರ್ ಬೆಂಗಳೂರಿನವರಲ್ಲ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್, ರೈಲ್ವೆ ಉದ್ಯೋಗಿ, 2017ರಲ್ಲಿ ದೇಶದ 50ನೆಯವರಾಗಿ ಆ ಪದವಿ ಪಡೆದರು. ಸ್ಟ್ಯಾನಿ ಶಿವಮೊಗ್ಗದವರು. ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್ ಮಾಸ್ಟರ್ ಇಶಾ ಶರ್ಮಾ ಘಟ್ಟದ ಕೆಳಗಿನ ಬೆಳ್ತಂಗಡಿಯವರು.

ಶಾಲಾ ಕ್ರೀಡಾಕೂಟದಲ್ಲಿ ಚೆಸ್ ಕೂಡ ಒಂದು ಸ್ಪರ್ಧೆ. ಆದರೆ ಹಳ್ಳಿ ಶಾಲೆಯ ಮಕ್ಕಳಲ್ಲಿ ಹಲವರು ತಾಲ್ಲೂಕು ಮಟ್ಟಕ್ಕೆ ಬಂದಾಗಲೇ ಮೊದಲ ಸಲ ಚೆಸ್ ಗಡಿಯಾರ ನೋಡುತ್ತಾರೆ. ಚೆನ್ನಾಗಿ ಆಡುವ ಹುಡುಗಿ ಗುಂಡಿ ಒತ್ತುವುದು ಮರೆತು ಸಮಯದಲ್ಲಿ ಸೋತರೆ ಅದು ಅವಳ ದಡ್ಡತನವೇನಲ್ಲ. ಊರಿನ ಕ್ಲಬ್ಬಿನಲ್ಲಿ ಒಂದೇ ಒಂದು ಗಡಿಯಾರ ಇದ್ದಿದ್ದರೆ ಅವಳು ಅದನ್ನು ನೂರು ಸಲ ಒತ್ತಿ ಬಂದಿರುತ್ತಿದ್ದಳು.

ಹುಡುಗಿಯರ ಮಾತು ಬಂತಲ್ಲ, ಸಮಯದ ಬಗ್ಗೆ ಒಂದು ಸಲಹೆ. ಕ್ಲಬ್ ಸಂಜೆ ಆರರ ಮೇಲೆ ನಡೆದರೆ ಹುಡುಗಿಯರು ಬರುವುದಿಲ್ಲ, ಆನೆ ಇರುವ ಕಡೆ ಹುಡುಗರನ್ನೂ ಕಳಿಸುವ ಹಾಗಿಲ್ಲ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಇರಲಿ. ಸಂಜೆ ಹೊತ್ತು ದೊಡ್ಡವರಿಗಿರಲಿ. ಟ್ರೋಫಿ, ಶಾಲು, ವೇದಿಕೆ ಬೇಡವೇ ಬೇಡ. ಆ ದುಡ್ಡಿಗೆ ಇನ್ನೆರಡು ಬೋರ್ಡು ಬರುತ್ತದೆ. ಯಾರು ಯಾರ ಹತ್ತಿರ ಗೆದ್ದರು ಅಂತ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಕಾರ್ಯದರ್ಶಿ ವರ್ಷಕ್ಕೊಬ್ಬರು, ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಪಾಳಿ. ಲೆಕ್ಕ ಗೋಡೆ ಮೇಲೆ.

ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಪ್ಯಾರಿಸ್‌ನಲ್ಲಿ ಹುಟ್ಟಿದ್ದು 1924ರ ಜುಲೈ 20ರಂದು. ಅದನ್ನೇ ವಿಶ್ವ ಚೆಸ್ ದಿನ ಅಂತ ಆಚರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಕಕ್ಕಡದ ಮೊದಲ ವಾರ, ಮದ್ದು ಸೊಪ್ಪಿನ ಪಾಯಸಕ್ಕೆ ಇನ್ನೂ ಎರಡು ವಾರ ಇರುತ್ತದೆ, ಹೊರಗೆ ಕಾಲಿಡಲಾಗದ ಮಳೆ. ಕ್ಲಬ್ ತೆರೆಯಲು ಇದಕ್ಕಿಂತ ಒಳ್ಳೆಯ ದಿನ ನಮಗೆ ಕಾಣುತ್ತಿಲ್ಲ. ಅದಕ್ಕೆ ಮೊದಲು ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಎರಡು ಪ್ರಶ್ನೆ ಕೇಳಿ: ನಮ್ಮ ಅರಿವು ಕೇಂದ್ರದಲ್ಲಿ ಎಷ್ಟು ಚೆಸ್ ಬೋರ್ಡ್ ಇದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಆಮೇಲೆ ನಮಗೂ ಒಂದು ಮೆಸೇಜ್ ಹಾಕಿ, ಯಾವ ಪಂಚಾಯಿತಿ ಏನು ಹೇಳಿತು ಅಂತ ಇಲ್ಲೇ ಬರೆಯುತ್ತೇವೆ.